ಲೋಮಂಡ್ ಕೆರೆಯ ಉಡಿ

ಬೆಳಗ್ಗೆ ಎದ್ದು ಎಮ್ಮೆಗೆ ಹಿಂಡಿ ಇಟ್ಟೆ. ಹಂಡೆಗೆ ನೀರು ತುಂಬಿಸಿದೆ. ಅಟ್ಟದ ಮೇಲಿನ ತೊಟ್ಟಿಲನ್ನು ಇಳಿಸಿ, ಅದರಲ್ಲಿ ಬಿಡಾರ ಹೂಡಿದ್ದ ಇಲಿಯ ಸಂಸಾರವನ್ನು ಹಿತ್ತಲಿಗೆ ಸಾಗಿಸಿ, ಹಗ್ಗ ಜಗ್ಗಿ ನೋಡಿ, ಹಿತ್ತಾಳೆಯ ಸರಪಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಕಡಲೆಬೇಳೆ ಆರಿಸಿಕೊಟ್ಟೆ, ಬೆಲ್ಲ ಕುಟ್ಟಿಕೊಟ್ಟೆ. ಓಣಿಯ ಮನೆಮನೆಗೂ ಹೋಗಿ, "ಸಂಜೀಮುಂದ ಕೂಸಿನ್ನ ತೊಟ್ಟಿಲಿಗೆ ಹಾಕತೇವಿ, ಮುತ್ತೈದೇರೆಲ್ಲಾ ಬರಬೇಕ್ರೆವಾ" ಎಂದು ಹೇಳಿಬಂದೆ. ಬರುವಾಗ ಪತ್ರಾವಳಿ ತಂದೆ. ತಂದ ಮೇಲೆ, ಅವು ಮನೆಯಲ್ಲಿ ಮೊದಲೇ ಇದ್ದವೆಂದು ಗೊತ್ತಾಯಿತು.

ಇಷ್ಟೆಲ್ಲ ಆಗುವ ಹೊತ್ತಿಗೆ ನಮ್ಮ ಸೋದರಮಾವ ಮಾಡಿದ ಕೆಲಸ ಒಂದೇ. ಪಡಸಾಲೆಯಲ್ಲಿ ಕುಳಿತು ಹೆಗಲ ಮೇಲಿನ ವಲ್ಲಿಯನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

ನಮ್ಮ ಮಾವನಿಗೆ ದೇವರು ಬಾಯಿ ಕೊಟ್ಟದ್ದು ಊಟಕ್ಕೆ ಮತ್ತು ಬೈಗುಳಕ್ಕೆ. ಮಾತಿಗೆ ಕೊಟ್ಟದ್ದು ಬೆರಳು! ನಗಬೇಡಿರಿ. ಬೈಲಹೊಂಗಲದ ಹತ್ತಿ ಪೇಟೆಯನ್ನು ಕಂಡವರಿಗೆ ಗೊತ್ತು: ಕೊಳ್ಳುವವನೂ ಮಾರುವವನೂ ಎದುರುಬದುರು ಕುಳಿತು, ಕೈಗಳ ಮೇಲೆ ಒಂದು ವಲ್ಲಿ ಹೊದಿಸಿಕೊಂಡು, ಒಳಗೊಳಗೇ ಬೆರಳು ಹಿಡಿದು ಬೆಲೆ ಮಾಡುತ್ತಾರೆ. ಮೇಲೆ ಇಬ್ಬರ ಮುಖವೂ ಮಠದಲ್ಲಿ ಪುರಾಣ ಕೇಳುವವರ ಮುಖ. ಕೆಳಗೆ ಬೆರಳುಗಳ ಮಲ್ಲಯುದ್ಧ. ಯಾವ ಬೆರಳು ಹಿಡಿದರು, ಎಷ್ಟು ಒತ್ತಿದರು ಎಂಬುದು ಅವರಿಬ್ಬರಿಗೇ ಗೊತ್ತು. ವಲ್ಲಿಯೊಳಗಿನ ಮಾತನ್ನು ಹೊರಗೆ ಆಡಿದವನನ್ನು ಪೇಟೆ ಮತ್ತೆ ಹತ್ತಿರ ಸೇರಿಸುವುದಿಲ್ಲ.

ಇದು ಎಲ್ಲ ದಲಾಲರ ರೂಢಿ. ಆದರೆ ಬೇರೆಯವರು ಪೇಟೆ ಮುಗಿಸಿ ಮನೆಗೆ ಬರುವಾಗ ವಲ್ಲಿಯನ್ನು ಜಾಡಿಸಿ ಹೆಗಲಿಗೆ ಹಾಕುತ್ತಾರೆ. ನಮ್ಮ ಮಾವ ಮನೆಗೂ ಅದನ್ನೇ ತಂದರು! ಕ್ಷೌರಿಕನ ಕೂಲಿ ವಲ್ಲಿಯೊಳಗೆ. ನೇಸರಗಿ ಸಂತೆಯಲ್ಲಿ ಬದನೆಕಾಯಿ ವಲ್ಲಿಯೊಳಗೆ. ಮಗಳನ್ನು ರಾಮದುರ್ಗಕ್ಕೆ ಕೊಡುವಾಗ ಬೀಗರ ಕೈಯನ್ನೂ ವಲ್ಲಿಯೊಳಗೆ ಎಳೆದುಕೊಂಡರು. ಬೀಗರು ಮಾಸ್ತರಿಕೆಯವರು, ಅವರಿಗೆ ಇದೇನು ಗೊತ್ತು? ಕಚಗುಳಿಯಾಗಿ ಕಿಸಕ್ಕನೆ ನಕ್ಕರು. ಮಾವ ಎದ್ದು ಬಂದು, "ಹುಡುಗನ ಅಪ್ಪ ನಗಮುಖದಾವ. ಸಂಬಂಧ ಪಕ್ಕಾ!" ಎಂದರು.

ಒಂದು ಕಟ್ಟು ಮಾತ್ರ ಇತ್ತು. ಹೆಣ್ಣುಮಕ್ಕಳ ಕೈಯನ್ನು ವಲ್ಲಿಯೊಳಗೆ ಹಿಡಿಯಬಾರದು. ಹೀಗಾಗಿ ಹೆಂಗಸರ ಜೊತೆ ತೂಕದ ಮಾತು ಆಡುವ ಉಪಾಯವೇ ಅವರಿಗೆ ಇರಲಿಲ್ಲ. ನಮ್ಮ ಅತ್ತೆ, ಎಂದರೆ ಅವರ ಹೆಂಡತಿ, ಹೇಳುತ್ತಿದ್ದರು: "ಮದುವ್ಯಾದಂದಿಂದ ನನ್ನ ಜೋಡಿ ಇವರ ಮಾತು ಮೂರ. ರೊಟ್ಟಿ ಹಾಕು, ನೀರ ಕೊಡು, ದೀಪ ಆರಸು."

ನಮ್ಮ ಅವ್ವ ಮಾವನ ಅಕ್ಕ. ಅಪ್ಪ ಹೋದ ಮೇಲೆ ನನ್ನನ್ನು ಬಗಲಲ್ಲಿ ಎತ್ತಿಕೊಂಡು ತಮ್ಮನ ಮನೆಗೆ ಬಂದಳು. ಬಂದವಳಿಗೆ ಈ ಮನೆಯ ಒಲೆ, ಬೀಸುವ ಕಲ್ಲು, ಹಿತ್ತಲು ಮೂರೂ ಅವಳವೇ ಆದವು. ಪಡಸಾಲೆ ಆಗಲಿಲ್ಲ. ಅವಳ ಒಲೆಯ ಹತ್ತಿರವೇ ಬೆಳೆದ ನಾನು ಗಂಡಸಾಗಿಯೂ ಜೋಳದ ರೊಟ್ಟಿಯನ್ನು ಚಂದ್ರನಂತೆ ಬಡಿಯುತ್ತೇನೆ. ಈ ವಿದ್ಯೆ ನನ್ನನ್ನು ಸಮುದ್ರ ದಾಟಿಸಿತೆಂದರೆ ನಂಬುವಿರಾ?

ಆದದ್ದಿಷ್ಟು. ಮಾವ ಹತ್ತಿ ಬಿಡಿಸುವ ಗಿರಣಿ ಹಾಕಬೇಕೆಂದರು. ಅದಕ್ಕೆ ಎಂಜಿನ್ ಬೇಕು. ಎಂಜಿನ್ ಹುಟ್ಟುವುದು ಸ್ಕಾಟ್ಲಂಡಿನ ಗ್ಲಾಸ್ಗೋದಲ್ಲಿ. "ಎತ್ತಿನ ಹಲ್ಲ ನೋಡಲಾರದ ಎತ್ತ ಕೊಳ್ಳತಾರೇನು? ಎಂಜಿನ್ನಿನ ಹಲ್ಲೂ ನೋಡಬೇಕು" ಎಂದು ಮಾವ ಹೊರಟೇಬಿಟ್ಟರು. ಆದರೆ ಪರರ ಕೈಯ ಅಡುಗೆ ಉಣ್ಣದ ವ್ರತ ಅವರದು. ಅಡುಗೆಗೆ ನಾನು, ಇಂಗ್ಲಿಷ್ ಐದನೆಯ ಇಯತ್ತೆ ಕಲಿತಿದ್ದೆನಾದ್ದರಿಂದ ಮಾತಿಗೂ ನಾನು.

ಅದೇ ವಾರ ರಾಮದುರ್ಗದಿಂದ ಸುದ್ದಿ ಬಂತು: ಮಗಳಿಗೆ ದಿನ ನಿಂತಿವೆ. ಮನೆಯಲ್ಲಿ ಯಾರೂ ನಗಲಿಲ್ಲ. ಹಿಂದೆ ಎರಡು ಸಲ ಹೀಗೆಯೇ ಸುದ್ದಿ ಬಂದು, ಎರಡು ಸಲವೂ ಆ ಹುಡುಗಿ ಬರಿಗೈಯಲ್ಲಿ ತವರಿನಿಂದ ಹಿಂದಿರುಗಿದ್ದಳು. ಅತ್ತೆ ಅಂದೇ ಗಂಗವ್ವನಿಗೆ ಹರಕೆ ಹೊತ್ತರು. ಹಸಿರು ಖಣ, ಹಸಿರು ಬಳೆ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು ಎಲ್ಲ ಸೇರಿಸಿ ಒಂದು ಗಂಟು ಕಟ್ಟಿ ಮಾವನ ಮುಂದಿಟ್ಟರು.

"ದೊಡ್ಡ ನೀರ ಕಂಡಲ್ಲಿ ಗಂಗವ್ವಗ ಉಡಿ ತುಂಬಿ ಬರ್ರಿ. ಅರ್ಧ ನೀರಿಗೆ ಬಿಡ್ರಿ. ಅರ್ಧ, ಆ ನೀರಿನ ದಂಡ್ಯಾಗ ಇರೋ ಮುತ್ತೈದಿ ಉಡ್ಯಾಗ ಹಾಕ್ರಿ. ಆಕಿ ಉಡಿ ತುಂಬಿದ್ರ ನನ್ನ ಮಗಳ ಉಡೀನೂ ತುಂಬತೈತಿ."

"ಸಮುದ್ರ ಐತೆಲ್ಲ, ಹಾದ್ಯಾಗ" ಎಂದರು ಮಾವ, ನನ್ನ ಮುಖ ನೋಡಿ.

"ಉಪ್ಪ ನೀರಾಗ ಗಂಗವ್ವ ಎಲ್ಲಿರತಾಳ್ರೀ? ಸೀನೀರಿಗೇ ಆಗಬೇಕು. ಮರತ ಬಂದ್ರ ಈ ಹೊಸ್ತಿಲಾ ದಾಟಬ್ಯಾಡ್ರಿ, ಹೇಳಿರತೇನಿ!"

ಉಡಿಯ ಗಂಟು ಕಟ್ಟುವಾಗ ಅವ್ವ ಎದ್ದು ಹಿತ್ತಲಿಗೆ ಹೋದಳು. ಹೋಗು ಎಂದು ಯಾರೂ ಹೇಳಲಿಲ್ಲ. ಬಾ ಎಂದೂ ಯಾರೂ ಹೇಳಲಿಲ್ಲ. ಆಮೇಲೆ ಬಂದು, ನಮಗಾಗಿ ಸುಟ್ಟಿದ್ದ ಕಟಕ ರೊಟ್ಟಿಗಳನ್ನು ಟ್ರಂಕಿಗೆ ತುಂಬಿದಳು. ಸಂದುಗಳಲ್ಲಿ ಶೇಂಗಾ ಚಟ್ನಿಯ ಪುಡಿಕೆಗಳನ್ನು ತುರುಕಿದಳು. ಮುಂಬಯಿಯ ಹಡಗಿನ ಧಕ್ಕೆಯಲ್ಲಿ ಆ ಟ್ರಂಕನ್ನು ಎತ್ತಿದ ಹಮಾಲ, "ಒಳಗ ಫರಸಿಕಲ್ಲು ಅದಾವೇನ್ರಿ?" ಎಂದು ಕೇಳಿದ.

ಸಮುದ್ರಯಾನದ ಕತೆ ಬೇಡ. ಮಾವ ಮಲಗಿದ್ದರು, ನಾನು ಬೋಗುಣಿ ಹಿಡಿದಿದ್ದೆ. ಇದೇ ಕತೆ.

ಗ್ಲಾಸ್ಗೋದಲ್ಲಿ ಇಳಿದ ದಿನವೇ ಹೊಸ ಸಂಕಟ. ಮಾವ ಸಂಜೆ ಊಟ ಮಾಡುವುದು ಹೊತ್ತು ಮುಳುಗಿ, ಲಿಂಗಪೂಜೆ ಆದ ಮೇಲೆ. ಈ ನೇಮ ಒಮ್ಮೆಯೂ ತಪ್ಪಿಲ್ಲ. ರೊಟ್ಟಿ ಬಡಿದೆ. (ಬಡಿಯುವ ಸದ್ದಿಗೆ ಕೆಳಗಿನ ಮನೆಯೊಡತಿ ಓಡಿಬಂದು ನಾವು ಯಾರನ್ನು ಹೊಡೆಯುತ್ತಿದ್ದೇವೆಂದು ನೋಡಿ ಹೋದಳು.) ರೊಟ್ಟಿ ಆರಿತು. ಪಲ್ಯ ಆರಿತು. ಮಾವ ವಿಭೂತಿ ಹಚ್ಚಿಕೊಂಡು ಕಿಟಕಿಯಲ್ಲಿ ಕುಳಿತರು. ಸೂರ್ಯ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನಮ್ಮೂರಲ್ಲಿ ಜನ ಒಂದು ನಿದ್ದೆ ಮುಗಿಸಿ ಮಗ್ಗಲು ಬದಲಿಸುವ ಹೊತ್ತಾದರೂ ಅಲ್ಲಿ ಹಾಡುಹಗಲು!

"ಅಳ್ಯಾ, ಈ ಊರಾಗ ಸೂರ್ಯಾಗ ಮನಿಗೆ ಹೋಗಾಕ ಮನಸಿಲ್ಲೇನೋ?"

"ಬ್ಯಾಸಿಗಿ ಅಲ್ರೀ ಮಾವಾ, ಇಲ್ಲಿ ಹಂಗಂತ."

"ಬ್ಯಾಸಿಗಿ ಅಲ್ಲ. ಹೇಂತಿ ಜೋಡಿ ಜಗಳಾಡ್ಯಾನ. ನನಗ ಗೊತ್ತೈತಿ ಆ ಸಂಕಟ."

ಕೊನೆಗೆ ಸೂರ್ಯ ರಾಜಿಯಾಗಿ ಮನೆಗೆ ಹೋದಾಗ ಮಾವ ಪೂಜೆ ಮುಗಿಸಿ, ರೊಟ್ಟಿಯ ಮೊದಲ ತುತ್ತು ಬಾಯಿಗಿಟ್ಟು, ಎರಡನೆಯ ತುತ್ತಿಗೆ ಕೂತಲ್ಲೇ ನಿದ್ದೆಹೋದರು.

ಎಂಜಿನ್ನಿನ ವ್ಯವಹಾರ ಮಾತ್ರ ಬೇಗ ಮುಗಿಯಿತು. ಆ ಕಂಪನಿಯಲ್ಲಿ ಬೆಲೆಯನ್ನು ಛಾಪಿಸಿಯೇ ಇಟ್ಟಿದ್ದರು. ಮಾವ ವಲ್ಲಿ ಕೊಡವಿ ಕೈ ಚಾಚಿದರೆ ಗುಮಾಸ್ತ ಅದರ ಮೇಲೆ ಒಂದು ಹಾಳೆ ಇಟ್ಟ! "ಬೆರಳಿಲ್ಲದ ವ್ಯಾಪಾರ, ಉಪ್ಪಿಲ್ಲದ ಪಲ್ಯ" ಎಂದು ಮಾವ ಮುಖ ಗಂಟಿಕ್ಕಿದರು. ಗುಮಾಸ್ತ ಪಾಪ ಒಳ್ಳೆಯವನು. ಅವರ ಬೇಸರ ನೋಡಿ, ಊರಿಗೆ ಹೊರಡುವ ಮೊದಲು ಲೋಮಂಡ್ ಸರೋವರ ನೋಡಿಬನ್ನಿ ಎಂದ; ದೊಡ್ಡ ನೀರು, ನಡುವೆ ದ್ವೀಪಗಳು, ಸುತ್ತ ಬೆಟ್ಟ, ದೂರದೂರದವರು ಬಂದು ನೋಡುತ್ತಾರೆ ಎಂದ. ನಾನು ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿ ಹೇಳಿದೆ. ಮಾವ ಒಂದೇ ಪ್ರಶ್ನೆ ಕೇಳಿದರು.

"ನೀರು ಉಪ್ಪೋ, ಸೀಯೋ?"

ಸಿಹಿ ಎಂದ ಗುಮಾಸ್ತ. ಮಾವ ಎದ್ದು ಉಡಿಯ ಗಂಟನ್ನು ಬಗಲಿಗೆ ಹಾಕಿಕೊಂಡರು. ಮರುದಿನ ಬಿಟ್ಟರೆ ನಮಗೆ ಬೇರೆ ದಿನ ಇರಲಿಲ್ಲ. ಅದರ ಮರುದಿನವೇ ನಮ್ಮ ಹಿಂದಿರುಗುವ ಪ್ರಯಾಣ.

ರೈಲು ಇಳಿದು, ಹೊಗೆ ಉಗುಳುವ ಆಗಬೋಟು ಹತ್ತಿದೆವು. ಆಗ ನೋಡಿದೆ ಆ ಸರೋವರವನ್ನು! ಸಮುದ್ರ ಬಿಟ್ಟರೆ ನಾನು ಕಂಡ ನೀರೆಂದರೆ ಮುನವಳ್ಳಿಯ ಹೊಳೆ, ಬಹಳವಾದರೆ ನವಿಲುತೀರ್ಥದ ಕಣಿವೆಯಲ್ಲಿ ಬಂಡೆಗಳ ಸಂದಿನಲ್ಲಿ ನುಸುಳುವ ಮಲಪ್ರಭೆ. ಇದು ಬೇರೆ. ಒಂದು ಮಳೆ ಬಿದ್ದು ಹದಕ್ಕೆ ಬಂದ ಎರೆಹೊಲದ ಬಣ್ಣದ ನೀರು, ಕಣ್ಣು ಸೋಲುವತನಕ ಹಾಸಿಬಿದ್ದಿತ್ತು. ಎರೆಹೊಲದ ನಡುನಡುವೆ ಬೇವಿನ ಮರಗಳ ಗುಂಪು ನಿಲ್ಲುತ್ತದಲ್ಲ, ಹಾಗೆ ಅಲ್ಲೊಂದು ಇಲ್ಲೊಂದು ದ್ವೀಪ. ಕೆಲವು ನಮ್ಮ ಓಣಿಯಷ್ಟು, ಕೆಲವು ಒಂದು ಹೊಲದಷ್ಟು, ಒಂದು ಮಾತ್ರ ಬೆನ್ನು ತೋರಿಸಿ ಮಲಗಿದ ಎಮ್ಮೆಯಷ್ಟು. ಬೆಟ್ಟದ ನೆತ್ತಿಯಲ್ಲಿ ಮೋಡ, ಆಗಷ್ಟೇ ಹಿಂಜಿದ ಅರಳೆಯಂತೆ.

"ಮಾವಾ, ನೋಡ್ರಿ, ಅರಳಿ ಇಟ್ಟಂಗ ಐತಿ!"

ಮಾವ ತಲೆ ಎತ್ತಿ ನೋಡಿದರು. "ಒದ್ದಿ ಅರಳಿ. ಯಾವ ಗಿರಾಕೀನೂ ಮುಟ್ಟಂಗಿಲ್ಲ."

ಅವರ ಕಣ್ಣು ಬೆಟ್ಟದ ಮೇಲೆ ಇರಲೇ ಇಲ್ಲ. ಆಗಬೋಟಿನಲ್ಲಿದ್ದ ಹೆಂಗಸರ ಕೊರಳು, ಹಣೆ, ಮುಂಗೈಗಳ ಮೇಲಿತ್ತು! ಮುತ್ತೈದೆಯನ್ನು ಹುಡುಕಬೇಕಲ್ಲ?

"ಅಳ್ಯಾ, ಕೊರಳಾಗ ತಾಳಿ ಇಲ್ಲ. ಕೈಯಾಗ ಬಳಿ ಇಲ್ಲ. ಹಣಿ ಬೋಳು. ಇವರಾಗ ಮುತ್ತೈದಿ ಯಾರು, ಅಲ್ಲದಾಕಿ ಯಾರು, ಹೆಂಗ ತಿಳೀಬೇಕೋ?"

"ಮದುವಿ ಆದಾವ್ರು ಬೆರಳಿಗೆ ಉಂಗುರಾ ಹಾಕ್ಕೋತಾರಂತ್ರಿ."

"ಹಂಗಾರ ಬೆರಳ ನೋಡೂಣು!" ಬೆರಳೆಂದೊಡನೆ ಮಾವನ ಮುಖ ಅರಳಿತು. ಬಗ್ಗಿ ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಾರೂ ಕೈಗೆ ಅಂಗಿ ತೊಟ್ಟಾರಲೋ!" ಎಂದರು.

ಹೌದು. ಬೇಸಿಗೆಯಾದರೂ ನೀರಿನ ಮೇಲಿನ ಥಂಡಿಗೆ ಎಲ್ಲರೂ ಕೈಗವಸು ತೊಟ್ಟಿದ್ದರು. ದೊಡ್ಡ ರುಮಾಲಿನ, ಹಣೆತುಂಬ ವಿಭೂತಿಯ ಮನುಷ್ಯನೊಬ್ಬ ತನ್ನ ಬೆರಳುಗಳನ್ನೇ ದಿಟ್ಟಿಸುವುದನ್ನು ಕಂಡು ಒಬ್ಬಾಕೆ ತನ್ನ ಹಣದ ಚೀಲವನ್ನು ಆಚೆ ಬಗಲಿಗೆ ಸರಿಸಿಕೊಂಡಳು.

"ದಂಡ್ಯಾಗ ಇರಾಕಿ ಬೇಕು ಅಂದಾಳ ನಿಮ್ಮತ್ತಿ. ಇವರೆಲ್ಲಾ ಜಾತ್ರಿ ಮಂದಿ" ಎಂದು ಮಾವ ತಾವೇ ಸಮಾಧಾನ ಮಾಡಿಕೊಂಡರು. ನಡುವಿನ ಒಂದು ಧಕ್ಕೆಯಲ್ಲಿ ಇಳಿದೆವು. ಅಲ್ಲಿ ಸಣ್ಣ ದೋಣಿಗಳು ಕಟ್ಟಿದ್ದವು. ದಂಡೆಯಲ್ಲಿ ಹೆಂಗಸರಿರುವ ಮನೆ ಯಾವುದೆಂದು ಕೇಳಿದೆ. ಕೆಂಪು ಗಡ್ಡದ ಅಂಬಿಗನೊಬ್ಬ ಹತ್ತಿರದ ದ್ವೀಪ ತೋರಿಸಿ, ಅಲ್ಲೊಬ್ಬ ಹೆಣ್ಣುಮಗಳ ಮನೆ ಇದೆ, ಬೇಕಾದರೆ ಕರೆದೊಯ್ಯುತ್ತೇನೆ ಎಂದ. ಬಾಡಿಗೆ ಎಷ್ಟು ಎಂಬುದು ಅವನ ಬೆನ್ನ ಹಿಂದಿನ ಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಅದನ್ನು ನಾನು ಓದುವ ಮೊದಲೇ ಮಾವ ವಲ್ಲಿ ಕೊಡವಿ, ಅಂಬಿಗನ ಬಲಗೈಯನ್ನು ಒಳಗೆ ಎಳೆದುಕೊಂಡಿದ್ದರು!

ಅಂಬಿಗನ ಗಡ್ಡ ನಡುಗಿತು. ಕಳ್ಳನೋ, ಮಾಂತ್ರಿಕನೋ, ಪಾದ್ರಿಯೋ? ಕೊನೆಗೆ, ಪೂರ್ವದೇಶದ ಯಾರೋ ದೊಡ್ಡವರು ಕೈಕುಲುಕುತ್ತಿದ್ದಾರೆಂದು ಅವನಿಗೆ ಹೊಳೆದಿರಬೇಕು. ಅವರ ಮಂದಿಗೆ ಕೈಕುಲುಕುವುದೇ ಮರ್ಯಾದೆಯಲ್ಲವೇ? ತಾನೂ ಗಟ್ಟಿಯಾಗಿ ಹಿಡಿದು ಕುಲುಕಿದ. ಮಾವ ಬೆಚ್ಚಿದರು. ಅವರ ಲೆಕ್ಕದಲ್ಲಿ ಐದೂ ಬೆರಳು ಹಿಡಿದು ಕುಲುಕುವುದೆಂದರೆ ದೋಣಿ, ಧಕ್ಕೆ, ಅಂಬಿಗ ಮೂರರದೂ ಬೆಲೆ! ಮಾವ ಒಂದು ಬೆರಳು ಹಿಡಿದರು. ಅಂಬಿಗ ಮತ್ತೆ ಐದನ್ನೂ ಹಿಡಿದು ಕುಲುಕಿದ. ಮಾವ ಎರಡು ಹಿಡಿದರು. ಅವನು ಎರಡು ಕೈಯಿಂದ ಕುಲುಕಿದ. ವಲ್ಲಿ ಹಾವಾಡಿಗನ ಬುಟ್ಟಿಯಂತೆ ಏಳುತ್ತಾ ಬೀಳುತ್ತಾ ಇತ್ತು. ಕಡೆಗೆ ಅವನಿಗೇ ತೋಳು ಸೋತು ಕೈ ಸಡಿಲಿಸಿದ. ಮಾವ ಬೆವರು ಒರೆಸಿಕೊಂಡು ನನ್ನ ಕಿವಿಯಲ್ಲಿ, "ಭಾರಿ ಗಟ್ಟಿ ದಲಾಲ. ಆದ್ರೂ ಇಳಿಸಿದೆ!" ಎಂದರು.

ಹಲಗೆಯ ಮೇಲೆ ಬರೆದಷ್ಟನ್ನೇ ನಾನು ಅವನ ಕೈಗಿಟ್ಟೆ. ಎಲ್ಲರೂ ಸಂತೋಷದಿಂದ ದೋಣಿ ಹತ್ತಿದೆವು.

ದ್ವೀಪದ ತುಂಬ ಮರಗಳು. ನಡುವೆ ಪಾಚಿಗಟ್ಟಿದ ಹಳೆಯ ಗೋರಿಗಳು. ಮಾವನಿಗೆ ಹಿಡಿಸಲಾರದ ಸಂತೋಷ. "ಇವ್ರೂ ನಮ್ಮಂಗ ಹೂಳತಾರಲೋ! ಕುಂಡ್ರಿಸಿ ಹೂಳಬೇಕಾಗಿತ್ತು, ಮಲಗಿಸ್ಯಾರ. ಹೋಗ್ಲಿ, ಥಂಡಿ ದೇಶ, ಮಲಗಿದ್ರ ಬೆಚ್ಚಗ." ಅಷ್ಟರಲ್ಲಿ ಗುಂಗಾಡುಗಳ ಮುತ್ತಿಗೆ. ಸಾಸಿವೆಯಷ್ಟು ಸಣ್ಣ ಹುಳ; ಕಚ್ಚಿದರೆ ಸವದತ್ತಿಯ ಚೇಳು ನೆನಪಾಗಬೇಕು! ಇಬ್ಬರೂ ಕೆನ್ನೆಗೆ ಹೊಡೆದುಕೊಳ್ಳುತ್ತಾ ನಡೆದೆವು. ಯಾರಾದರೂ ದೂರದಿಂದ ನೋಡಿದ್ದರೆ, ಮಾಡಿದ ಪಾಪಕ್ಕೆ ಕಪಾಳ ಬಡಿದುಕೊಳ್ಳುವ ಯಾತ್ರಿಕರೆಂದೇ ತಿಳಿಯುತ್ತಿದ್ದರು.

ಮಾವ ತಟಕ್ಕನೆ ನಿಂತು ಮೂಗು ಅರಳಿಸಿದರು.

"ಅಳ್ಯಾ... ರೊಟ್ಟಿ!"

ನಿಜ. ಕಲ್ಲಿನ ಗುಡಿಸಲಿನ ಬಾಗಿಲಲ್ಲಿ ಮುದುಕಿಯೊಬ್ಬಳು ಒಲೆಯ ಮುಂದೆ ಬಗ್ಗಿದ್ದಳು. ಒಲೆಯ ಮೇಲೆ ಕಬ್ಬಿಣದ ಹಂಚು. ಹಂಚಿನ ಮೇಲೆ ತೆಳ್ಳನೆಯ, ಅಂಚು ಒಡೆದ, ಅಪ್ಪಟ ರೊಟ್ಟಿ! ಯಾವ ಹಿಟ್ಟು ಎಂದು ಹಿಂದೆಯೇ ಬಂದ ಅಂಬಿಗನನ್ನು ಕೇಳಿದರೆ, ನಮ್ಮ ಬೆಳಗಾವಿ ದಂಡಿನ ಕುದುರೆಗಳಿಗೆ ಹಾಕುತ್ತಾರಲ್ಲ, ಓಟ್ಸ್ ಎಂದು ಆ ಧಾನ್ಯದ ಹೆಸರು ಹೇಳಿದ. ಮಾವನಿಗೆ ತಿಳಿಸಿದೆ.

"ಕುದರಿ ತಿಂದ್ರೇನಾತು? ಕುದರಿಗೆ ಕಡ್ಲೀನೂ ಹಾಕತಾರ. ನಾವು ಹುಗ್ಗ್ಯಾಗ ಹಾಕ್ಕೊಂಡು ತಿನ್ನಂಗಿಲ್ಲೇನು? ರೊಟ್ಟಿ ಅಂದ್ರ ರೊಟ್ಟಿ." ಮಾವ ಉಡಿಯ ಗಂಟನ್ನು ಬಗಲಿನಿಂದ ಇಳಿಸಿದರು. "ಈಕೀನ ಆಗಬೇಕು. ಮುತ್ತೈದಿ ಹೌದೇನು ಕೇಳು."

ಕೇಳಿದೆ. ಅಂಬಿಗ ಮುದುಕಿಯನ್ನು ಕೇಳಲಿಲ್ಲ. ಟೋಪಿ ತೆಗೆದು, ನೀರಿನ ಕಡೆ ಕೈ ತೋರಿಸಿ, ಮೆಲ್ಲಗೆ ಹೇಳಿದ. ಅವನ ಇಂಗ್ಲಿಷು ನನಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆ ಮಾತು ಮಾತ್ರ ಪೂರ್ತಿ ತಿಳಿಯಿತು.

"ಮಾವಾ, ಈಕಿ ಗಂಡ ಇಲ್ರಿ. ಅವನೂ ದೋಣಿ ನಡಸಾಂವ ಇದ್ದನಂತ. ಇದ ಕೆರ್ಯಾಗ ಮುಳುಗಿದ. ಹೆಣಾನೂ ಸಿಗಲಿಲ್ಲಂತ."

ಮಾವ ಗಂಟನ್ನು ಮತ್ತೆ ಬಗಲಿಗೆ ಏರಿಸಿದರು. ಏರಿಸಿ, ಅಲ್ಲಿಯೇ ಒಂದು ಕಲ್ಲಿನ ಮೇಲೆ ಕುಳಿತರು.

"ಹಿಂದಕ್ಕ ಹೋಗೂಣ್ರಿ" ಎಂದೆ. "ಆದ್ರ ಈಗ ಹೊಂಟ್ರ ಕಡೀ ಆಗಬೋಟ ಸಿಗತೈತಿ ಅಷ್ಟ. ಮುತ್ತೈದೀನ ಹುಡಕಾಕ ಹೊತ್ತಿಲ್ಲ."

ಮಾವ ಗುಂಗಾಡು ಕಚ್ಚಿದರೂ ಕೈ ಎತ್ತಲಿಲ್ಲ. ಮಗಳ ಮುಖ ಅವರ ಕಣ್ಣ ಮುಂದೆ ಬಂದಿರಬೇಕು, ನನಗಂತೂ ಬಂತು. ಹರಕೆ ತೀರಿಸದೆ ಹೋದರೆ ಒಂದು ಭಯ, ತಪ್ಪು ಉಡಿಗೆ ಹಾಕಿದರೆ ಇನ್ನೊಂದು. ಮುದುಕಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, ಬಕೆಟ್ಟು ತೆಗೆದುಕೊಂಡು ನೀರಿಗೆ ಇಳಿದಳು. ಬಗ್ಗಿ ತುಂಬಿಕೊಳ್ಳುವ ಮೊದಲು, ಅಂಗೈಯಿಂದ ನೀರಿನ ಮೇಲ್ಮೈಯನ್ನು ಒಮ್ಮೆ ಸವರಿದಳು, ಎಮ್ಮೆಯ ಬೆನ್ನು ಸವರಿದಂತೆ.

ಮಾವ ಎದ್ದರು.

"ಗಂಗವ್ವಗ ಯಾರ ಹತ್ರದಾವ್ರು, ಹೇಳ ನೋಡೂಣು. ಆಗಬೋಟಿನ್ಯಾಗ ಕೈಗೆ ಅಂಗಿ ತೊಟ್ಟ ಕುಂತಾವ್ರೋ? ಇಲ್ಲಾ, ಗಂಡನ್ನ ಈ ನೀರಿಗೆ ಕೊಟ್ಟು, ದಿನಾ ಮುಂಜಾನೆ ಎದ್ದು ಇದ ನೀರಿಗೆ ಬರಾಕಿಯೋ?"

"ಅತ್ತಿಗೆ ಏನ ಹೇಳತೀರಿ?"

"ಕೆರಿ ಕೇಳಲಿಲ್ಲ. ನೀ ಯಾಕ ಕೇಳತಿ? ಹೂಂ, ತುಂಬು."

"ನಾನ್ರೀ? ಗಂಡಸರು ಉಡಿ ತುಂಬತಾರೇನ್ರಿ?"

"ರೊಟ್ಟಿ ಬಡಿಯೋ ಕೈ. ನಡೀತೈತಿ!"

ಹೀಗೆ, ಬೈಲಹೊಂಗಲದ ಇತಿಹಾಸದಲ್ಲಿ ಉಡಿ ತುಂಬಿದ ಮೊದಲ ಗಂಡಸು ನಾನಾದೆ. ಏನು, ಎತ್ತ ಎಂದು ಆ ಮುದುಕಿಗೆ ಹೇಗೆ ಹೇಳುವುದು? ಮಗಳು, ಹೊಟ್ಟೆ, ಕೂಸು ಎಂದು ನಾನು ಕೈಸನ್ನೆ ಮಾಡಿದೆ. ಅಂಬಿಗ ನನಗೆ ಹೊಟ್ಟೆನೋವೆಂದು ತಿಳಿದ. ಮುದುಕಿ ಮಾತ್ರ ನನ್ನನ್ನು ನೋಡಲೇ ಇಲ್ಲ. ಹಿಂದೆ ನಿಂತಿದ್ದ ಮಾವನ ಮುಖ ನೋಡಿದಳು. ಸೊಂಟದ ಮುಂದೆ ಕಟ್ಟಿಕೊಂಡಿದ್ದ ಅಡುಗೆಯ ಅರಿವೆಯನ್ನು ಎರಡೂ ಕೈಯಿಂದ ಎತ್ತಿ ಹಿಡಿದು ಉಡಿ ಒಡ್ಡಿದಳು. ನಮ್ಮೂರ ಹೆಣ್ಣುಮಕ್ಕಳು ಒಡ್ಡುತ್ತಾರಲ್ಲ, ಹಾಗೆಯೇ! ಯಾರು ಕಲಿಸಿದರು ಆಕೆಗೆ?

ಅರ್ಧ ಆಕೆಯ ಉಡಿಗೆ ಹಾಕಿದೆ. ಉಳಿದರ್ಧವನ್ನು ಮಾವ ಮೊಣಕಾಲತನಕ ನೀರಿಗಿಳಿದು ಬಿಟ್ಟರು. ಎಲ್ಲಿದ್ದವೋ, ಎರಡು ಬಿಳಿ ಹಂಸಗಳು ತೇಲಿಬಂದು ಅಕ್ಕಿಯನ್ನು ಮುಕ್ಕಿದವು. "ಗಂಗವ್ವ ತನ್ನ ವಸೂಲಿ ಮಂದೀನ ಕಳಿಸ್ಯಾಳ" ಎಂದರು ಮಾವ.

ಹೊರಡುವಾಗ ಮುದುಕಿ ಹಂಚಿನ ಮೇಲಿಂದ ಬಿಸಿಬಿಸಿ ರೊಟ್ಟಿಗಳನ್ನು ತೆಗೆದು ಮಾವನ ವಲ್ಲಿಯಲ್ಲಿ ಹಾಕಿದಳು. ಉಡಿ ತಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬುದು ಅಲ್ಲಿಯೂ ಇದೆಯೋ ಏನೋ. ಪರರ ಕೈಯ ಅಡುಗೆ ಮುಟ್ಟದ ನಮ್ಮ ಮಾವ ದೋಣಿಯಲ್ಲಿ ಕುಳಿತು ಅದನ್ನು ಮುರಿದು, ಶೇಂಗಾ ಚಟ್ನಿ ಹಚ್ಚಿ ತಿಂದರು. ಹೊತ್ತು ಮುಳುಗಿರಲಿಲ್ಲ, ಪೂಜೆಯೂ ಆಗಿರಲಿಲ್ಲ. ಆ ರೊಟ್ಟಿಯಲ್ಲಿ ಏನೇನಿತ್ತೆಂದು ನಾನು ಕೇಳಲಿಲ್ಲ. ಕೇಳಬಾರದ ಪ್ರಶ್ನೆ ಯಾವುದೆಂದು ತಿಳಿಯುವುದೂ ಒಂದು ವಿದ್ಯೆ.

"ಅಳ್ಯಾ, ಇದು ವಲ್ಲಿ ಒಳಗಿನ ಮಾತು" ಎಂದರು.

ಮರಳುವ ಹಡಗಿನಲ್ಲಿ ಮಾವನಿಗೆ ವಾಂತಿಯಾಗಲಿಲ್ಲ. ಬೇರೆ ಏನೋ ಆಯಿತು. ಊಟದ ನಡುವೆ ಕೈ ನಿಲ್ಲಿಸಿ, "ತಪ್ಪ ಮಾಡಿದ್ನೇನೋ?" ಎಂದು ಕೇಳುವರು. ನಾನು "ಇಲ್ರೀ ಮಾವಾ" ಎನ್ನುವೆ. ಅವರು ಉಣ್ಣುವರು. ಮುದುಕಿಯ ರೊಟ್ಟಿಗಳಲ್ಲಿ ಒಂದನ್ನು ತಿನ್ನದೆ ಉಳಿಸಿಕೊಂಡಿದ್ದರು. ಮನೆಗೆ ಬಂದವರೇ ನೇರ ಅಡುಗೆಮನೆಗೆ ಹೋಗಿ ಅದನ್ನು ಅವ್ವನ ಕೈಗಿಟ್ಟು, "ತಿನ್ನಕ್ಕಾ" ಎಂದರು. ಅವ್ವ ಸಮುದ್ರ ದಾಟಿ ಬಂದ ಆ ರೊಟ್ಟಿಯನ್ನು ಮುರಿದು, ಬಾಯಿಗಿಟ್ಟು, ಬಹಳ ಹೊತ್ತು ಅಗಿದು, "ಉಪ್ಪು ಕಡಿಮಿ ಆಗೇತಿ" ಎಂದಳು.

ಪಡಸಾಲೆಗೆ ಬಂದೊಡನೆ ಅತ್ತೆ ಹಿಡಿದರು. "ಉಡಿ ತುಂಬಿದ್ರಿಲ್ಲೋ?"

"ತುಂಬಿದ್ವಿ."

"ಮುತ್ತೈದಿ ಚೊಲೋ ಇದ್ದಳು?"

"ಚೊಲೋ ಇದ್ದಳು" ಎಂದರು ಮಾವ. ಸುಳ್ಳೂ ಅಲ್ಲ, ಖರೆಯೂ ಅಲ್ಲ. ನಾಲ್ಕನೆಯ ಮಾತು ಆಡಿದರಲ್ಲ ಎಂಬ ಆಶ್ಚರ್ಯದಲ್ಲಿ ಅತ್ತೆ ಮುಂದೆ ಕೇಳಲು ಮರೆತರು.

ಮಗಳು ಹೆರಿಗೆಗೆ ಬಂದಳು. ನೋವು ತಿನ್ನುವ ದಿನ ಮಾವ ಹೊರಕಟ್ಟೆಯ ಮೇಲೆ ಕುಳಿತು, ವಲ್ಲಿಯ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದರು. ಒಳಗೆ ಅವಳು ಕೂಗಿದಾಗಲೆಲ್ಲ ಇವರು ನನ್ನನ್ನು ನೋಡುವರು, ತೀರ್ಪು ಕೇಳುವವರಂತೆ. ಕೊನೆಗೆ ಅವಳ ಕೂಗು ನಿಂತು, ಬೇರೆಯೇ ಒಂದು ಸಣ್ಣ ಕೂಗು ಎದ್ದಿತು. ಹೆಣ್ಣು ಕೂಸು, ಹುಟ್ಟುತ್ತಲೇ ಸೂಲಗಿತ್ತಿಯ ಬೆರಳು ಹಿಡಿದುಕೊಂಡಿತಂತೆ. "ಬೆರಳ ಹಿಡೀತೇನು? ನಮ್ಮ ಪೈಕಿ!" ಎಂದರು ಮಾವ. ಎಂದು, ವಲ್ಲಿಯಲ್ಲಿ ಮುಖ ಮುಚ್ಚಿಕೊಂಡರು.

ಇವತ್ತು ಆ ಕೂಸಿನ ತೊಟ್ಟಿಲು.

ಸಂಜೆ ಮುತ್ತೈದೆಯರು ತುಂಬಿದರು. ಬಳೆಗಳ ಸದ್ದು, ಮಲ್ಲಿಗೆ, ಅರಿಷಿಣ-ಕುಂಕುಮ. ಅತ್ತೆ ಕೂಸನ್ನು ಎತ್ತಿಕೊಂಡು, ತೊಟ್ಟಿಲಿಗಿಂತ ಮೊದಲು ಯಾರ ಉಡಿಗೆ ಹಾಕಬೇಕೆಂದು ಸುತ್ತ ನೋಡುತ್ತಿದ್ದರು. ಅವ್ವ ಎಂದಿನಂತೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಸಂದಿನಲ್ಲಿ ಒಂದು ಕಣ್ಣಿಟ್ಟಿದ್ದಳು. ಮಾವ ಎದ್ದರು. ಹೆಂಗಸರ ನಡುವೆ ಹಾದು ಆ ಬಾಗಿಲಿಗೆ ಹೋದರು. ಅವ್ವನ ಹಿಟ್ಟು ಮೆತ್ತಿದ ಕೈ ಹಿಡಿದು, ಅದರ ಮೇಲೆ ವಲ್ಲಿ ಹೊದಿಸಿದರು.

ಹೆಣ್ಣುಮಕ್ಕಳ ಕೈಯನ್ನು ವಲ್ಲಿಯೊಳಗೆ ಹಿಡಿಯದ ನಮ್ಮ ಮಾವ! ಆಮೇಲೆ ಅವ್ವ ಹೇಳಿ ನನಗೆ ತಿಳಿದದ್ದು: ಚಿಕ್ಕಂದಿನಲ್ಲಿ ಅಜ್ಜನ ಹತ್ತಿಯ ಅಡತಿ ಅಂಗಡಿಯಲ್ಲಿ ಅಕ್ಕ-ತಮ್ಮ ಇಬ್ಬರೂ ಇದೇ ಆಟ ಆಡುತ್ತಿದ್ದರಂತೆ, ಪೇರಲಹಣ್ಣಿಗೆ, ಗೋಲಿಗೆ. ವಲ್ಲಿ ಸ್ವಲ್ಪ ಅಲುಗಿತು. ಅವ್ವ ಕೈ ಹಿಂದಕ್ಕೆ ಎಳೆದಳು. ಮಾವ ಬಿಡಲಿಲ್ಲ. ಮತ್ತೆ ಅಲುಗಿತು. ಮಾವ ವಲ್ಲಿಯ ಸಮೇತ ಅವಳನ್ನು ಪಡಸಾಲೆಯ ನಡುವಿಗೆ ಕರೆತಂದು, ಎಲ್ಲರಿಗೂ ಕೇಳುವಂತೆ, ಬಾಯಿಂದಲೇ ಹೇಳಿದರು:

"ಆ ಕೆರಿ ದಂಡ್ಯಾಗ ಉಡಿ ಒಡ್ಡಿದಾಕಿ ಮುತ್ತೈದಿ ಅಲ್ಲ. ಗಂಡನ್ನ ಕಳಕೊಂಡಾಕಿ. ನಮ್ಮ ಅಕ್ಕನಂಥಾಕಿ. ಆಕಿ ಉಡಿ ತುಂಬಿ ಬಂದದ್ದು ಈ ಕೂಸು. ಇನ್ನ ಇದು ಯಾರ ಉಡಿಗೆ ಮೊದಲ ಹೋಗಬೇಕು, ನೀವ ಹೇಳ್ರಿ."

ಅತ್ತೆ ಕೂಸನ್ನು ಎದೆಗೊತ್ತಿಕೊಂಡು ಮಾವನನ್ನೇ ನೋಡಿದರು.

"ಇದನ್ನ ಅಂದ ಹೇಳಾಕ ಏನಾಗಿತ್ತು? ಬಾಯಾಗ ವಲ್ಲಿ ತುರಕ್ಕೊಂಡಿದ್ರೇನು?" ಎಂದರು ಅತ್ತೆ. ಆಮೇಲೆ ಅವ್ವನ ಕಡೆ ತಿರುಗಿದರು. ಧ್ವನಿ ಬೇರೆಯಾಗಿತ್ತು. "ಅಕ್ಕಾರ, ಕುಂಡ್ರಿ. ಉಡಿ ಒಡ್ಡರಿ."

ಅವ್ವ ಕುಳಿತಳು. ಸೀರೆಯ ಸೆರಗನ್ನು ಎರಡೂ ಕೈಯಿಂದ ಎತ್ತಿ ಹಿಡಿದಳು.

ಎಲ್ಲರೂ ಹೋದ ಮೇಲೆ ಉಂಡೆವು. ಹೋಳಿಗೆ, ತುಪ್ಪ, ಹಾಲು, ಕಟ್ಟಿನ ಸಾರು, ಬದನೆಕಾಯಿ ಎಣಗಾಯಿ, ಅನ್ನ. ಮಾವ ಹೋಳಿಗೆಯ ಜೊತೆ ಒಂದು ಕಟಕ ರೊಟ್ಟಿ ಕೇಳಿ ಹಾಕಿಸಿಕೊಂಡರು. ವಲ್ಲಿಯೊಳಗೆ ಏನು ಮಾತಾಯಿತೆಂದು ಅವ್ವನನ್ನು ಕೇಳಿದೆ. "ವಲ್ಲಿ ಒಳಗಿನ ಮಾತು ಹೊರಗ ಹೇಳತಾರೇನೋ, ಹುಚ್ಚಪ್ಪಾ?" ಎಂದಳು.

ಮೊದಲು ಮಲಗಿದ್ದು ಕೂಸು, ಅವ್ವನ ಉಡಿಯಲ್ಲಿಯೇ. ಹುಣಸೆಹಣ್ಣು ಹಚ್ಚಿ ತಿಕ್ಕಿದ ತೊಟ್ಟಿಲು ಖಾಲಿ ತೂಗುತ್ತಿತ್ತು. ಆಮೇಲೆ ಮಾವ, ಕೂತಲ್ಲಿಯೇ. ಅವರ ವಲ್ಲಿ ಹೆಗಲ ಮೇಲೆ ಇರಲಿಲ್ಲ, ಕೂಸಿಗೆ ಹೊದಿಸಿದ್ದರು. ಎಚ್ಚರಾದೀತೆಂದು ಅವ್ವ ಕಾಲು ಮಡಿಸಿದಲ್ಲೇ ಅಲುಗದೆ ಕುಳಿತಿದ್ದಳು, ಪಡಸಾಲೆಯ ನಟ್ಟನಡುವೆ.